ಮಕ್ಕಳ ಕ್ಯಾನ್ಸರ್: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಕುಟುಂಬಕ್ಕೆ ಸಿಗುವ ನೆರವು ಮತ್ತು ಓದು – ಮುಖ್ಯಾಂಶಗಳು

ಕೆಎಎಸ್, ಪಿಡಿಒ, ಸ್ಟಾಫ್ ನರ್ಸ್, ಶಿಕ್ಷಕರ ನೇಮಕಾತಿ ಪರೀಕ್ಷೆಗಳಿಗೆ ಓದುವವರು ಆರೋಗ್ಯ ಯೋಜನೆಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡುತ್ತಾರೆ. ಅದೇ ಯೋಜನೆಗಳನ್ನು ಒಂದು ಕಾಯಿಲೆಯ ದಾರಿಯುದ್ದಕ್ಕೂ ಜೋಡಿಸಿ ಓದಿದರೆ ಹೆಚ್ಚು ದಿನ ನೆನಪಿರುತ್ತವೆ. ಮಕ್ಕಳ ಕ್ಯಾನ್ಸರ್ ಬಹುಪಾಲು ವಾಸಿಯಾಗುವ ಕಾಯಿಲೆ. ಆದರೆ ಮಲಪ್ರಭೆಯ ದಡದ ಹಳ್ಳಿಯಿಂದ ಬೆಂಗಳೂರಿಗೆ ಸುಮಾರು 500 ಕಿ.ಮೀ. ದೂರವಿದೆ, ಚಿಕಿತ್ಸೆ ಎರಡು-ಮೂರು ವರ್ಷ ಹಿಡಿಯುತ್ತದೆ. ನಮ್ಮ ಕಡೆ ಕುಟುಂಬಗಳು ಸೋಲುವುದು ಹೆಚ್ಚಾಗಿ ಈ ದೂರಕ್ಕೆ, ಈ ಕಾಲಾವಧಿಗೆ. ಹೀಗಾಗಿ ಅಂಶಗಳನ್ನು ಇಲಾಖೆವಾರು ವಿಂಗಡಿಸದೆ, ಮಗುವಿನ ತಂದೆ-ತಾಯಿಗೆ ಅವು ಎದುರಾಗುವ ಕ್ರಮದಲ್ಲೇ ಕೊಟ್ಟಿದೆ.

ಜಗತ್ತಿನ ಲೆಕ್ಕ

• ಪ್ರತಿ ವರ್ಷ 0–19 ವಯಸ್ಸಿನ ಸುಮಾರು 4 ಲಕ್ಷ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಶ್ರೀಮಂತ ದೇಶಗಳಲ್ಲಿ ಇವರಲ್ಲಿ 80%ಗಿಂತ ಹೆಚ್ಚು ಮಕ್ಕಳು ಗುಣಮುಖರಾಗುತ್ತಾರೆ. ಅನೇಕ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ಪ್ರಮಾಣ 30%ಗಿಂತ ಕಡಿಮೆ. ರೋಗ ಒಂದೇ, ಔಷಧಿಯೂ ಬಹುತೇಕ ಒಂದೇ. ಅಂತರ ಹುಟ್ಟುವುದು ತಡವಾದ ಪತ್ತೆ, ತಪ್ಪಾದ ರೋಗನಿರ್ಣಯ, ಸಿಗದ ಔಷಧಿ, ನಡುವೆಯೇ ನಿಂತ ಚಿಕಿತ್ಸೆ ಮತ್ತು ಸೋಂಕಿನಿಂದ.

• ಮಕ್ಕಳ ಕ್ಯಾನ್ಸರ್ ಜಾಗತಿಕ ಉಪಕ್ರಮ: ವಿಶ್ವ ಆರೋಗ್ಯ ಸಂಸ್ಥೆಯಿಂದ ಸೆಪ್ಟೆಂಬರ್ 2018. ಅಮೆರಿಕದ ಮೆಂಫಿಸ್‌ನಲ್ಲಿ 1962ರಲ್ಲಿ ಆರಂಭವಾದ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆ ಸಹಭಾಗಿ. ಗುರಿ: 2030ರೊಳಗೆ ಕನಿಷ್ಠ 60% ಮಕ್ಕಳು ಬದುಕುಳಿಯಬೇಕು.

• ಉಪಕ್ರಮ ಆಯ್ದುಕೊಂಡ 6 ಕ್ಯಾನ್ಸರ್‌ಗಳು: ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್), ಬರ್ಕಿಟ್ ಲಿಂಫೋಮಾ, ಹಾಜ್‌ಕಿನ್ ಲಿಂಫೋಮಾ, ರೆಟಿನೊಬ್ಲಾಸ್ಟೋಮಾ (ಕಣ್ಣು), ವಿಲ್ಮ್ಸ್ ಗೆಡ್ಡೆ (ಮೂತ್ರಪಿಂಡ), ಕಡಿಮೆ ದರ್ಜೆಯ ಗ್ಲಯೋಮಾ (ಮಿದುಳು). ಹೊಂದಿಸಿ ಬರೆಯಿರಿ ಮಾದರಿಗೆ ಇದು ಒಳ್ಳೆಯ ಸರಕು.

• ದಿನಗಳು: ಫೆಬ್ರುವರಿ 4 ವಿಶ್ವ ಕ್ಯಾನ್ಸರ್ ದಿನ. ಫೆಬ್ರುವರಿ 15 ಅಂತಾರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ದಿನ (2002ರಿಂದ). ನವೆಂಬರ್ 7 ಭಾರತದ ರಾಷ್ಟ್ರೀಯ ಕ್ಯಾನ್ಸರ್ ಜಾಗೃತಿ ದಿನ. ಅಂದು ಮೇರಿ ಕ್ಯೂರಿ ಜನ್ಮದಿನ. ಸೆಪ್ಟೆಂಬರ್ ಮಕ್ಕಳ ಕ್ಯಾನ್ಸರ್ ಜಾಗೃತಿ ತಿಂಗಳು, ಗುರುತು ಬಂಗಾರದ ಬಣ್ಣದ ರಿಬ್ಬನ್.

• ಭಾರತ: ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಐಸಿಎಂಆರ್‌ನದು. 1982ರಿಂದ ಅಂಕಿ-ಅಂಶ ಸಂಗ್ರಹಿಸುತ್ತಿರುವ ಮೊದಲ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ದೇಶದ ಮೊದಲ ಗ್ರಾಮೀಣ ನೋಂದಣಿ ನಮಗೆ ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ, 1987ರಲ್ಲಿ ಶುರುವಾಯಿತು. 2021ರ ಆಸ್ಪತ್ರೆ ಆಧಾರಿತ ನೋಂದಣಿ ವರದಿಯಂತೆ ಒಟ್ಟು ಕ್ಯಾನ್ಸರ್ ಪ್ರಕರಣಗಳಲ್ಲಿ 0–14 ವಯಸ್ಸಿನವರ ಪಾಲು 4%.

ತಪ್ಪು ಯಾರದು ಎಂಬ ಪ್ರಶ್ನೆ

ಇಳಕಲ್, ಹುನಗುಂದದ ಮನೆಗಳಲ್ಲಿ ಕ್ಯಾನ್ಸರ್ ಎಂದರೆ ಮೊದಲು ನೆನಪಾಗುವುದು ತಂಬಾಕು, ಗುಟ್ಕಾ. ಅದಕ್ಕೆ ಕಾರಣವೂ ಇದೆ. ಇಳಕಲ್‌ನ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ (ಪರೀಕ್ಷೆಯಲ್ಲಿ ಕೇಳಬಹುದಾದ ಅಂಶ). ದೊಡ್ಡವರ ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್‌ಗೆ ಈ ತಿಳಿವಳಿಕೆ ಸರಿ. ಮಗುವಿನ ಕಾಯಿಲೆಗೆ ಇದನ್ನೇ ಅನ್ವಯಿಸಿದರೆ ಮನೆಯೊಳಗೆ ಜಗಳ ಹುಟ್ಟುತ್ತದೆ. ಅಪ್ಪನ ಚಟ, ಬಸುರಿದ್ದಾಗ ಅವ್ವ ತಿಂದದ್ದು, ಗ್ರಹಣ, ದೃಷ್ಟಿ ಎಂದು ಒಬ್ಬರ ಮೇಲೊಬ್ಬರು ಹೊರಿಸುತ್ತಾ ಹೋಗುತ್ತಾರೆ.

ಪರೀಕ್ಷೆಗೂ ಮನೆಗೂ ಬೇಕಾದ ಉತ್ತರ: ಬಹುಪಾಲು ಮಕ್ಕಳ ಕ್ಯಾನ್ಸರ್‌ಗೆ ನಿರ್ದಿಷ್ಟ ಕಾರಣ ಸಿಕ್ಕಿಲ್ಲ, ಜೀವನಶೈಲಿಗೆ ಅದರ ಸಂಬಂಧ ತೀರಾ ಕಡಿಮೆ. ಸುಮಾರು 10% ಮಕ್ಕಳಲ್ಲಿ ಮಾತ್ರ ಆನುವಂಶಿಕ ಒಲವು ಕಾಣುತ್ತದೆ. ಇದಕ್ಕೆ ಪಠ್ಯಪುಸ್ತಕದ ಉದಾಹರಣೆ ರೆಟಿನೊಬ್ಲಾಸ್ಟೋಮಾ: 13ನೇ ವರ್ಣತಂತುವಿನ ಆರ್‌ಬಿ1 ಜೀನ್, ಆಲ್ಫ್ರೆಡ್ ನಡ್ಸನ್ 1971ರಲ್ಲಿ ಮಂಡಿಸಿದ ‘ಎರಡು ಪೆಟ್ಟಿನ’ ಸಿದ್ಧಾಂತ. ಕಾಯಿಲೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡ ಮಾತ್ರಕ್ಕೆ ಅಣ್ಣ-ತಂಗಿಗೆ ಬರುವುದಿಲ್ಲ.

ಯಾವಾಗ ಅನುಮಾನ ಪಡಬೇಕು

ವಾರಗಟ್ಟಲೆ ಬಿಡದ ಜ್ವರ, ರಕ್ತ ಕಡಿಮೆಯಾಗಿ ಬಿಳಿಚಿಕೊಳ್ಳುವುದು, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ, ಒಸಡಿನಲ್ಲಿ ರಕ್ತ. ರಾತ್ರಿ ಎಬ್ಬಿಸುವ ಮೂಳೆ ನೋವು, ಕುಂಟು. ಕುತ್ತಿಗೆ, ಹೊಟ್ಟೆಯಲ್ಲಿ ಗಂಟು. ಬೆಳಗಿನ ತಲೆನೋವು ಮತ್ತು ವಾಂತಿ. ಹೊಸದಾಗಿ ಬಂದ ಮೆಳ್ಳಗಣ್ಣು. ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಕೆಂಪಾಗದೆ ಬಿಳಿಯಾಗಿ ಹೊಳೆದರೆ ಅದೇ ವಾರ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಈ ಲಕ್ಷಣಗಳಿದ್ದ ಮಾತ್ರಕ್ಕೆ ಕ್ಯಾನ್ಸರೇ ಎಂದಲ್ಲ. ಜ್ವರಕ್ಕೆ ಮೂರನೇ ಬಾರಿ ಅದೇ ಗುಳಿಗೆ ಬರೆಸಿಕೊಳ್ಳುವ ಬದಲು ಒಂದು ರಕ್ತ ಪರೀಕ್ಷೆ ಮಾಡಿಸಿ ಎನ್ನುವುದಷ್ಟೇ ಇದರ ಅರ್ಥ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ), 2013: ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ, ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಯಲ್ಲಿ ಒಂದು ಬಾರಿ. ನಾಲ್ಕು ವರ್ಗಗಳು: ಜನ್ಮದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ. ಇಲ್ಲೊಂದು ಗೊಂದಲವಿದೆ. ಕಾರ್ಯಕ್ರಮದ ಮೂಲ ಪಟ್ಟಿಯ 30 ಸ್ಥಿತಿಗಳಲ್ಲಿ ಕ್ಯಾನ್ಸರ್‌ನ ಹೆಸರಿಲ್ಲ. ಆದರೂ ಬಾದಾಮಿ, ಹುನಗುಂದದ ಹಳ್ಳಿ ಶಾಲೆಗೆ ಬರುವ ಈ ತಂಡವೇ ಅನೇಕ ಮಕ್ಕಳನ್ನು ಮೈಮುಟ್ಟಿ ನೋಡುವ ಮೊದಲ ವೈದ್ಯರು. ಅವರ ಮುಂದೆ ಶಿಕ್ಷಕಿ ಬಾಯಿಬಿಟ್ಟು ಹೇಳುವ ಒಂದು ಮಾತಿಗೆ ಬೆಲೆ ಇದೆ.

ಔಷಧಿಯ ಹಿಂದಿನ ಹೆಸರುಗಳು

• ಯಲ್ಲಾಪ್ರಗಡ ಸುಬ್ಬರಾವ್ (1895–1948): ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲದ ವಿರೋಧಿ ಔಷಧಿಗಳನ್ನು ರೂಪಿಸಿದ ತಂಡದ ಮುಖ್ಯಸ್ಥರು. ಅವುಗಳಲ್ಲೊಂದಾದ ಅಮಿನಾಪ್ಟೆರಿನ್‌ನಿಂದ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ತಾತ್ಕಾಲಿಕ ಉಪಶಮನ ಕಂಡು 1948ರಲ್ಲಿ ವರದಿ ಮಾಡಿದರು. ಅದರ ಬಳಗದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

• ವಿನ್‌ಕ್ರಿಸ್ಟಿನ್: ಸದಾಪುಷ್ಪ (ನಿತ್ಯಪುಷ್ಪ) ಗಿಡದಿಂದ ತೆಗೆದದ್ದು, 1960ರ ದಶಕದಿಂದ ಚಿಕಿತ್ಸೆಯಲ್ಲಿದೆ. ಗುಳೇದಗುಡ್ಡದಿಂದ ಇಳಕಲ್‌ವರೆಗೆ ಎಷ್ಟೋ ಮನೆಯಂಗಳದಲ್ಲಿ ಈ ಗಿಡವಿದೆ. ಹಾಗೆಂದು ಎಲೆ ಅರೆದು ಕುಡಿಸಬಾರದು, ಗಿಡ ವಿಷಕಾರಿ. ಔಷಧಿ ಬರುವುದು ಶುದ್ಧೀಕರಿಸಿ ಅಳೆದ ಪ್ರಮಾಣದಲ್ಲಿ, ರಕ್ತನಾಳದ ಮೂಲಕ ಮಾತ್ರ.

• ಡೈನುಟುಕ್ಸಿಮ್ಯಾಬ್: ಮಕ್ಕಳ ನ್ಯೂರೊಬ್ಲಾಸ್ಟೋಮಾಕ್ಕೆ ಕೊಡುವ ದುಬಾರಿ ಔಷಧಿ. ವೈಯಕ್ತಿಕ ಬಳಕೆಗೆ ಆಮದು ಮಾಡಿಕೊಂಡರೆ ಜಿಎಸ್‌ಟಿ ವಿನಾಯಿತಿ. ನಿರ್ಧಾರ ಜುಲೈ 2023ರ 50ನೇ ಜಿಎಸ್‌ಟಿ ಮಂಡಳಿ ಸಭೆಯದು.

ಬಾಗಲಕೋಟೆಯಿಂದ ದಾರಿ ಎಲ್ಲಿಗೆ

ಬಾಗಲಕೋಟೆ ಜಿಲ್ಲೆ 15 ಆಗಸ್ಟ್ 1997ರಂದು ವಿಜಯಪುರದಿಂದ ಬೇರ್ಪಟ್ಟಿತು. ಜಿಲ್ಲಾಸ್ಪತ್ರೆ ನವನಗರದಲ್ಲಿದೆ. ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಅದರ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ನವನಗರದಲ್ಲೇ. ಇವನ್ನು ನಡೆಸುವುದು 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ. ಹಾನಗಲ್ ಕುಮಾರ ಸ್ವಾಮಿಗಳು ಬಾದಾಮಿ ತಾಲೂಕಿನ ಶಿವಯೋಗ ಮಂದಿರದ (1909) ಸ್ಥಾಪಕರು ಎಂಬುದನ್ನೂ ಜೊತೆಗೇ ನೆನಪಿಡಿ, ಎರಡು ಪ್ರಶ್ನೆಗೆ ಒಂದೇ ಓದು. ಮೊದಲ ರಕ್ತ ಪರೀಕ್ಷೆ, ಸ್ಕ್ಯಾನ್, ರಕ್ತ ಕೊಡಿಸುವುದು, ಮುಂದೆ ನಡುವೆ ಜ್ವರ ಬಂದಾಗ ದಾಖಲಾತಿ ನವನಗರದ ಈ ಆಸ್ಪತ್ರೆಗಳಲ್ಲೇ ಆಗಬಲ್ಲವು.

ಮುಂದಿನ ಹೆಜ್ಜೆಗೆ ಹುಬ್ಬಳ್ಳಿ, ಬೆಳಗಾವಿ ಅಥವಾ ಬೆಂಗಳೂರು. ಹುಬ್ಬಳ್ಳಿಯ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇರುವ ಬಡಾವಣೆಯ ಹೆಸರೂ ನವನಗರವೇ. ಫೋನಿನಲ್ಲಿ ‘ನವನಗರದ ದವಾಖಾನಿಗೆ ಬರ್ರಿ’ ಎಂದರೆ ಯಾವ ಊರಿನ ನವನಗರ ಎಂದು ಕೇಳಿಕೊಂಡೇ ಹೊರಡುವುದು ಒಳ್ಳೆಯದು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಡಾ. ಸಂಪತ್‌ಕುಮಾರ ಶಿವಣಗಿ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು 3 ಜನವರಿ 2025ರಂದು ಉದ್ಘಾಟಿಸಿದರು.

ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಬೆಂಗಳೂರು: ಸ್ಥಾಪನೆ 1973, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸ್ಥಾನ 1980. ನಿಮ್ಹಾನ್ಸ್ ಪಕ್ಕದಲ್ಲಿದೆ. ಮಕ್ಕಳ ಕ್ಯಾನ್ಸರ್‌ಗೆ ಪ್ರತ್ಯೇಕ ವಿಭಾಗವಿರುವ ಸರ್ಕಾರಿ ಸಂಸ್ಥೆ. ಬಾಹ್ಯ ಕೇಂದ್ರ ಕಲಬುರಗಿಯಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿ ಆಸ್ಪತ್ರೆಗಳಲ್ಲೂ ಮಕ್ಕಳ ಕ್ಯಾನ್ಸರ್ ತಜ್ಞರಿದ್ದಾರೆ. ಗಡಿ ದಾಟಿದರೆ ಮಿರಜದ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ, ಬಾರ್ಶಿಯ ನರ್ಗಿಸ್ ದತ್ತ ಸ್ಮಾರಕ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ (1941). ದೇಶದ ಕ್ಯಾನ್ಸರ್ ಕೇಂದ್ರಗಳನ್ನು ಒಂದೇ ಚಿಕಿತ್ಸಾ ಮಾರ್ಗಸೂಚಿಯಡಿ ಜೋಡಿಸುವ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ 2012ರದು, ಸಮನ್ವಯ ಟಾಟಾ ಸ್ಮಾರಕ ಕೇಂದ್ರದ್ದು.

ಡೇ-ಕೇರ್ ಕಿಮೋ: ಕರ್ನಾಟಕ ಮೇ 2025ರಲ್ಲಿ 16 ಜಿಲ್ಲೆಗಳಲ್ಲಿ ಡೇ-ಕೇರ್ ಕಿಮೊಥೆರಪಿ ಕೇಂದ್ರ ಆರಂಭಿಸಿತು. ಕೇಂದ್ರದ 2025–26ರ ಬಜೆಟ್ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಇಂಥ ಕೇಂದ್ರ, ಮೊದಲ ವರ್ಷ 200 ಎಂದು ಘೋಷಿಸಿತು. ದೊಡ್ಡವರ ಮಟ್ಟಿಗೆ ಇದು ಪ್ರಯಾಣವನ್ನು ಬಹಳ ಕಡಿಮೆ ಮಾಡುತ್ತದೆ. ಮಕ್ಕಳ ವಿಷಯದಲ್ಲಿ ನಿರೀಕ್ಷೆ ಸ್ವಲ್ಪ ಹಿಡಿತದಲ್ಲಿರಲಿ. ಬೆನ್ನಿನ ಇಂಜೆಕ್ಷನ್, ಮಜ್ಜೆಯ ಪರೀಕ್ಷೆ, ಮೊದಲ ತಿಂಗಳುಗಳ ತೀವ್ರ ಕಿಮೋ ದೊಡ್ಡ ಕೇಂದ್ರದಲ್ಲೇ ಆಗಬೇಕು.

ಕಾರ್ಡು ಮತ್ತು ರೊಕ್ಕ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: ಆರೋಗ್ಯ ಕರ್ನಾಟಕ ಮಾರ್ಚ್ 2018ರಲ್ಲಿ ಆರಂಭ, ಅದೇ ವರ್ಷ ಅಕ್ಟೋಬರ್ 30ರಿಂದ ಕೇಂದ್ರದ ಯೋಜನೆಯೊಂದಿಗೆ ವಿಲೀನ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿ. ಜಾರಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ. ಇದಕ್ಕೂ ಹಿಂದಿನ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾಗಿ ಬಾಗಲಕೋಟೆ ಸೇರಿದ ಬೆಳಗಾವಿ ವಿಭಾಗಕ್ಕೆ ವಿಸ್ತರಿಸಿತ್ತು.

ಮನೆಯವರು ಮರೆಯಬಾರದ ಮೂರು ಮಾತು. ತುರ್ತಲ್ಲದ ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿರಬೇಕು. ಚಿಕ್ಕ ಮಕ್ಕಳ ಹೆಸರು ಸೇರಿಸುವುದನ್ನು ಮುಂದೂಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆಸ್ಪತ್ರೆಯಲ್ಲಿ ಮೊದಲು ಹುಡುಕಬೇಕಾದ ವ್ಯಕ್ತಿ ಆರೋಗ್ಯಮಿತ್ರ, ಕಾರ್ಡಿನ ಕೆಲಸ ಅವರದು. ವಿಚಾರಣೆಗೆ 14555 ಮತ್ತು 104. ಹೊರರಾಜ್ಯದ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆಯೇ ಎಂಬುದನ್ನು ರೈಲು ಹತ್ತುವ ಮೊದಲೇ ಕೇಳಿ.

• ರಾಷ್ಟ್ರೀಯ ಆರೋಗ್ಯ ನಿಧಿ 1997. ಅದರೊಳಗಿನ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿ 2009, ಬಡತನ ರೇಖೆಗಿಂತ ಕೆಳಗಿನವರಿಗೆ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ.
• ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಜನವರಿ 1948. ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಕಚೇರಿಯ ಮೂಲಕವೂ ಅರ್ಜಿ ಹೋಗುತ್ತದೆ. ಎರಡಕ್ಕೂ ಆಸ್ಪತ್ರೆಯ ವೆಚ್ಚದ ದಾಖಲೆ ಬೇಕು.
• ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾದ ಕಾರ್ಮಿಕರಿಗೆ, ಅವರ ಅವಲಂಬಿತರಿಗೆ ದೊಡ್ಡ ಕಾಯಿಲೆಗಳಿಗೆ ನೆರವಿದೆ (ಕಾರ್ಮಿಕ ಚಿಕಿತ್ಸಾ ಭಾಗ್ಯ). ಹುನಗುಂದ, ಬಾದಾಮಿ ತಾಲೂಕುಗಳಿಂದ ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರಿಗೆ ದುಡಿಯಲು ಹೋಗುವವರಿದ್ದಾರೆ. ನೋಂದಣಿ ಕಾರ್ಡು ನವೀಕರಣವಾಗಿದೆಯೇ ಎಂದು ನೋಡಿಕೊಳ್ಳಬೇಕು.

ಯಾವ ಕಾರ್ಡೂ ಕೊಡದ ಖರ್ಚೊಂದಿದೆ: ನಿಂತುಹೋದ ದುಡಿಮೆ. ಇಳಕಲ್‌ನ ಕೈಮಗ್ಗದ ಮನೆಯಲ್ಲಿ ಅವ್ವ ಮಗುವಿನೊಂದಿಗೆ ಬೆಂಗಳೂರಿನಲ್ಲಿದ್ದರೆ ಕಂಡಿಕೆ ಸುತ್ತುವವರಿಲ್ಲ, ಅಪ್ಪನೂ ಹೋದರೆ ಮಗ್ಗವೇ ನಿಲ್ಲುತ್ತದೆ. ಚಿಕಿತ್ಸೆ ಉಚಿತವಾದ ಮಾತ್ರಕ್ಕೆ ಖರ್ಚಿಲ್ಲ ಎಂದು ಬರೆಯುವ ಉತ್ತರಪತ್ರಿಕೆಗೆ ನಾನಾದರೆ ಪೂರ್ಣ ಅಂಕ ಕೊಡುವುದಿಲ್ಲ.

ರೈಲು

ಕ್ಯಾನ್ಸರ್ ರೋಗಿಗೆ ಚಿಕಿತ್ಸೆ ಅಥವಾ ಮರುತಪಾಸಣೆಯ ಪ್ರಯಾಣದಲ್ಲಿ ರಿಯಾಯಿತಿ: ಸ್ಲೀಪರ್ ಮತ್ತು 3ಎಸಿಯಲ್ಲಿ 100%, ಎರಡನೇ ದರ್ಜೆ, ಮೊದಲ ದರ್ಜೆ, ಎಸಿ ಚೇರ್‌ಕಾರ್‌ನಲ್ಲಿ 75%, 2ಎಸಿ, 1ಎಸಿಯಲ್ಲಿ 50%. ಜೊತೆಗೆ ಹೋಗುವ ಒಬ್ಬರಿಗೂ ಇದೆ, ಆದರೆ ಸ್ಲೀಪರ್ ಮತ್ತು 3ಎಸಿಯಲ್ಲಿ ಅವರಿಗೆ 75% ಮಾತ್ರ. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಟಿಕೆಟ್ ನಿಲ್ದಾಣದ ಕೌಂಟರಿನಲ್ಲಿ. 2020ರಲ್ಲಿ ಅನೇಕ ರಿಯಾಯಿತಿಗಳು ನಿಂತಾಗಲೂ ರೋಗಿಗಳದ್ದು ಮುಂದುವರಿಯಿತು.

ಬಾಗಲಕೋಟೆ, ಬಾದಾಮಿಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಗದಗ, ಹುಬ್ಬಳ್ಳಿ ಮೂಲಕ ಬೆಂಗಳೂರಿಗೆ ಒಯ್ಯುತ್ತದೆ. ಹುನಗುಂದ, ಇಳಕಲ್‌ಗೆ ರೈಲಿಲ್ಲ; ಹೊಸಪೇಟೆ, ಚಿತ್ರದುರ್ಗದ ಹೆದ್ದಾರಿ ಹಿಡಿಯುವ ರಾತ್ರಿ ಬಸ್ಸೇ ಗತಿ. ಕೌಂಟ್ (ರಕ್ತಕಣಗಳ ಸಂಖ್ಯೆ) ಇಳಿದ ಮಗುವನ್ನು ತುಂಬಿದ ಬಸ್ಸಿನಲ್ಲಿ ಕೂರಿಸುವುದಕ್ಕಿಂತ ಬಾಗಲಕೋಟೆಗೆ ಬಂದು ರಿಯಾಯಿತಿಯ 3ಎಸಿ ಹತ್ತುವುದು ಮೇಲು. ಆದರೆ ಈ ರಿಯಾಯಿತಿಯ ಸುದ್ದಿ ಎಷ್ಟೋ ಮನೆಗಳಿಗೆ ಗೊತ್ತಾಗುವ ಹೊತ್ತಿಗೆ ಅರ್ಧ ಚಿಕಿತ್ಸೆ ಮುಗಿದಿರುತ್ತದೆ.

ಉಳಿಯುವ ಜಾಗ, ಜೊತೆಗಿರುವ ಸಂಸ್ಥೆಗಳು

• ಕಿದ್ವಾಯಿ ಆವರಣದಲ್ಲಿ ಹೊರಊರಿನವರಿಗೆ ಧರ್ಮಶಾಲೆಯಿದೆ; ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಮೂಲಕ ಕೇಳಬೇಕು.
• ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್: 2006, ಮುಂಬಯಿ. ಮಗು ಮತ್ತು ಪೋಷಕರಿಗೆ ಉಚಿತ ಕೋಣೆ, ಅಡುಗೆಮನೆ, ಆಸ್ಪತ್ರೆಗೆ ವಾಹನ. ಟಾಟಾ ಆಸ್ಪತ್ರೆಗೆ ಹೋಗುವ ನಮ್ಮವರಿಗೆ ಉಪಯುಕ್ತ. ಮೆಂಫಿಸ್‌ನ ಆಸ್ಪತ್ರೆಯೇ ಬೇರೆ, ಇದೇ ಬೇರೆ.
• ಕ್ಯಾನ್‌ಕಿಡ್ಸ್ ಕಿಡ್ಸ್‌ಕ್ಯಾನ್: 2004, ದೆಹಲಿ. ಸ್ಥಾಪಕಿ ಪೂನಂ ಬಗಾಯಿ, ಸ್ವತಃ ಕ್ಯಾನ್ಸರ್ ಗೆದ್ದವರು. ಔಷಧಿ, ಆಹಾರ, ಆಪ್ತಸಮಾಲೋಚನೆ, ಪೋಷಕರ ಗುಂಪು.
• ಸಮೀಕ್ಷಾ ಫೌಂಡೇಷನ್, ಬೆಂಗಳೂರು: ಕಿದ್ವಾಯಿಯಲ್ಲಿ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಪಾಠ, ಆಟ, ಚಿತ್ರಕಲೆ.
• ಇಂಡಿಯನ್ ಕ್ಯಾನ್ಸರ್ ಸೊಸೈಟಿ: 1951, ಡಾ. ಡಿ.ಜೆ. ಜಸ್ಸಾವಾಲಾ ಮತ್ತು ನವಲ್ ಟಾಟಾ.
• ಡಿಕೆಎಂಎಸ್–ಬಿಎಂಎಸ್‌ಟಿ, ಬೆಂಗಳೂರು ಮತ್ತು ದಾತ್ರಿ, ಚೆನ್ನೈ: ಮಜ್ಜೆ ಕಸಿಗೆ ಬೇಕಾದ ಕಾಂಡಕೋಶ ದಾನಿಗಳ ನೋಂದಣಿ. ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಅಕ್ಟೋಬರ್ 1.

ಚಿಕಿತ್ಸೆ ಕೈಬಿಡುವುದು

ಅಂತಾರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ತಜ್ಞರ ಸಂಘದ (ಸಿಯೋಪ್, 1969) ವ್ಯಾಖ್ಯೆಯಂತೆ, ಗುಣಪಡಿಸಬಹುದಾದ ಚಿಕಿತ್ಸೆಯನ್ನು ಶುರು ಮಾಡದಿರುವುದು ಅಥವಾ ಸತತ 4 ವಾರ ಇಲ್ಲವೇ ಅದಕ್ಕೂ ಹೆಚ್ಚು ಕಾಲ ನಿಲ್ಲಿಸುವುದು ‘ಕೈಬಿಡುವಿಕೆ’. ಪೂರ್ಣ ಟಿಪ್ಪಣಿಯಲ್ಲಿ ಒಂದೇ ವ್ಯಾಖ್ಯೆ ನೆನಪಿಡುವುದಾದರೆ ಇದನ್ನೇ.

ರಕ್ತದ ಕ್ಯಾನ್ಸರ್‌ನಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಮೊದಲ ತಿಂಗಳ ತೀವ್ರ ಕಿಮೋ ಮುಗಿದಾಗ ಮಜ್ಜೆಯಲ್ಲಿ ಕಾಯಿಲೆಯ ಕಣ ಕಾಣುವುದಿಲ್ಲ. ಮಗು ಉಣ್ಣುತ್ತದೆ, ಓಡಾಡುತ್ತದೆ. ‘ಅರಾಮ ಆಗೇತಿ’ ಎಂದು ಊರಿಗೆ ಕರೆತರುತ್ತಾರೆ. ಬಿತ್ತನೆಯ ಹಂಗಾಮು, ಮನೆಯ ಮದುವೆ, ಸಾಲಗಾರರ ಕಾಟ ಒಂದಾದ ಮೇಲೊಂದು ಬರುತ್ತವೆ. ಕಣ್ಣಿಗೆ ಕಾಣದ ಕಣಗಳು ಮಾತ್ರ ಉಳಿದಿರುತ್ತವೆ. ಅವಕ್ಕಾಗಿಯೇ ಮುಂದಿನ ಹಂತಗಳು ಮತ್ತು ಸುಮಾರು ಎರಡು ವರ್ಷದ ನಿರ್ವಹಣಾ ಚಿಕಿತ್ಸೆ: ದಿನವೂ 6-ಮರ್ಕ್ಯಾಪ್ಟೊಪ್ಯೂರಿನ್ ಗುಳಿಗೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ವಾರಕ್ಕೊಮ್ಮೆಯದನ್ನು ದಿನವೂ ಕೊಟ್ಟರೆ ಪ್ರಾಣಾಪಾಯ. ವಾರದ ಒಂದು ದಿನ ಗೊತ್ತು ಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಎಲ್ಲ ಕಡೆ ಹೇಳುವ ಉಪಾಯ. ಈ ಅವಧಿಯಲ್ಲಿ ಆಶಾ ಕಾರ್ಯಕರ್ತೆಯ ಒಂದು ಭೇಟಿ, ಆಸ್ಪತ್ರೆಯಿಂದ ಒಂದು ಫೋನು ಮಾಡುವ ಕೆಲಸ ದೊಡ್ಡದು.

ಊರಲ್ಲಿದ್ದಾಗ

• ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ತುರ್ತು. ಮನೆಯಲ್ಲಿ ಕಾಯದೆ ರಾತ್ರಿಯಾದರೂ ಹೊರಡಬೇಕು, 108 ಆಂಬ್ಯುಲೆನ್ಸ್ ಇದೆ. ತಜ್ಞರ ಫೋನ್ ನಂಬರು, ಚಿಕಿತ್ಸೆಯ ಫೈಲು ಸದಾ ಕೈಗೆ ಸಿಗುವಂತಿರಲಿ.
• ಪಲ್ಸ್ ಪೋಲಿಯೊ: ಕಿಮೋ ನಡೆಯುತ್ತಿರುವ ಮಗುವಿಗೆ ಬಾಯಿಗೆ ಹಾಕುವ ಹನಿ ಬೇಡ, ಅದೇ ಮನೆಯ ಉಳಿದ ಮಕ್ಕಳಿಗೂ ಬೇಡ, ಅವರಿಗೆ ಇಂಜೆಕ್ಷನ್ ರೂಪದ ಲಸಿಕೆಯಿದೆ. ದಡಾರ–ರುಬೆಲ್ಲಾದಂಥ ಜೀವಂತ ಲಸಿಕೆಗಳನ್ನೂ ರೋಗಿ ಮಗುವಿಗೆ ಚಿಕಿತ್ಸೆಯ ವೇಳೆ ಕೊಡುವುದಿಲ್ಲ. ಬೂತಿನವರಿಗೆ ಇದನ್ನು ಮನೆಯವರೇ ಹೇಳಬೇಕಾಗಬಹುದು.
• ಬನಶಂಕರಿ ಜಾತ್ರೆ, ಕೂಡಲಸಂಗಮದ ಜನಜಂಗುಳಿ ಕೌಂಟ್ ಕಡಿಮೆಯಿದ್ದಾಗ ಬೇಡ. ಹರಕೆ ತೀರಿಸಲು ಕೌಂಟ್ ಏರುವವರೆಗೆ ಕಾಯಬಹುದು.
• ಮನೆಯ ಬಿಸಿ ರೊಟ್ಟಿ, ಬೇಳೆ, ಬೇಯಿಸಿದ ಪಲ್ಯ, ಕಾಯಿಸಿದ ನೀರು ಸಾಕು. ದುಬಾರಿ ಡಬ್ಬಿಯ ಪುಡಿಗೆ ಸಾಲ ಮಾಡಬೇಕಿಲ್ಲ.

ಶಾಲೆ, ಕಾನೂನು

ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಪಟ್ಟಿ ಮಾಡಿದ 21 ವಿಧಗಳಲ್ಲಿ ಹಿಮೊಫಿಲಿಯಾ, ತಲಸ್ಸೀಮಿಯಾ, ಕುಡುಗೋಲು ಕಣ ರೋಗ ಇವೆ, ಕ್ಯಾನ್ಸರ್ ಇಲ್ಲ. ಆದರೆ ಮೂಳೆ ಕ್ಯಾನ್ಸರ್‌ನಿಂದ ಕಾಲು, ರೆಟಿನೊಬ್ಲಾಸ್ಟೋಮಾದಿಂದ ದೃಷ್ಟಿ ಕಳೆದುಕೊಂಡ ಮಗುವಿಗೆ ಆ ನ್ಯೂನತೆಯ ಆಧಾರದ ಮೇಲೆ ಯುಡಿಐಡಿ ಕಾರ್ಡು ಸಿಗಬಹುದು.

ಕೂದಲು ಉದುರಿ, ಸ್ಟಿರಾಯ್ಡ್‌ನಿಂದ ಮುಖ ಊದಿಕೊಂಡು ಮರಳುವ ಹುಡುಗಿಗೆ ತರಗತಿಯೇ ಮೊದಲ ಪರೀಕ್ಷೆ. ಅವಳು ಬರುವ ಹಿಂದಿನ ದಿನ ಶಿಕ್ಷಕರು ಉಳಿದ ಮಕ್ಕಳಿಗೆ ಹತ್ತು ನಿಮಿಷ ತಿಳಿಹೇಳಿದರೆ ಸಾಕು: ಅಂಟುವುದಿಲ್ಲ, ಕೂದಲು ಮತ್ತೆ ಬರುತ್ತದೆ, ನೆಗಡಿಯಿದ್ದವರು ದೂರ ಕೂರಿ.

ಓದು: ಯಾರಿಗೆ ಯಾವುದು

ಈ ಭಾಗ ಪ್ರಶ್ನೆಪತ್ರಿಕೆಗೆ ಅಷ್ಟಾಗಿ ಬೀಳದಿದ್ದರೂ ವಾರ್ಡಿನಲ್ಲಿ ದಿನಗಳು ಉದ್ದ, ಅಲ್ಲಿ ಓದಿಗೆ ಜಾಗವಿದೆ. ಆಸ್ಪತ್ರೆಯ ಕರಪತ್ರ ಬಹುತೇಕ ಗುಳಿಗೆಯ ಬಗ್ಗೆ ಮಾತಾಡುತ್ತದೆ, ಮಗುವಿಗೆ ಬೇಕಾಗಿರುವುದು ಕತೆ.

ಮಗುವಿಗೆ: ಪ್ರಥಮ್ ಬುಕ್ಸ್ (2004, ಬೆಂಗಳೂರು) 8 ಸೆಪ್ಟೆಂಬರ್ 2015ರ ಸಾಕ್ಷರತಾ ದಿನದಂದು ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಸಚಿತ್ರ ಕತೆಗಳು ಉಚಿತ, ಫೋನಿನಲ್ಲೇ ಓದಬಹುದು. ನ್ಯಾಷನಲ್ ಬುಕ್ ಟ್ರಸ್ಟ್‌ನ (1957) ನೆಹರೂ ಬಾಲ ಪುಸ್ತಕಾಲಯ ಮಾಲೆ ಕನ್ನಡದಲ್ಲೂ ಇದೆ, ಬೆಲೆ ಕಡಿಮೆ. ಅನುಪಮಾ ನಿರಂಜನ (1934–1991) ಅವರ 12 ಸಂಪುಟಗಳ ‘ದಿನಕ್ಕೊಂದು ಕಥೆ’ ಇಲ್ಲಿ ನನ್ನ ಮೊದಲ ಆಯ್ಕೆ. ದಿನಕ್ಕೊಂದೇ ಎಂಬ ಕಟ್ಟಳೆ ವಾರ್ಡಿನ ದಿನಚರಿಗೆ ಹೊಂದುತ್ತದೆ. ಲೇಖಕಿ ವೈದ್ಯೆ, ಧಾರವಾಡದಲ್ಲಿ ವೃತ್ತಿ ಮಾಡಿದವರು, ಕೊನೆಗೆ ಕ್ಯಾನ್ಸರ್‌ಗೇ ಬಲಿಯಾದವರು. ಆ ಕೊನೆಯ ಸಂಗತಿ ದೊಡ್ಡವರಿಗೆ ಗೊತ್ತಿದ್ದರೆ ಸಾಕು.

ಸಹಪಾಠಿಗಳಿಗೆ: ಚಾರ್ಲ್ಸ್ ಶುಲ್ಜ್ ಅವರ ಚಾರ್ಲಿ ಬ್ರೌನ್ ಬಳಗದ 1990ರ ‘ವೈ, ಚಾರ್ಲಿ ಬ್ರೌನ್, ವೈ?’ಯಲ್ಲಿ ಗೆಳತಿ ಜಾನಿಸ್‌ಗೆ ರಕ್ತದ ಕ್ಯಾನ್ಸರ್. ಟೀವಿ ಚಿತ್ರವಾಗಿ, ಪುಸ್ತಕವಾಗಿ ಬಂದದ್ದು. ಇಂಗ್ಲಿಷಿನಲ್ಲಿದ್ದರೂ ಶಿಕ್ಷಕರು ಕತೆಯನ್ನು ಕನ್ನಡದಲ್ಲಿ ಹೇಳಬಹುದು.

ಎಚ್ಚರದಿಂದ: ಹಿರೋಷಿಮಾದ ಸಡಾಕೊ ಸಸಾಕಿಯ ಕತೆ (ಎಲಿನರ್ ಕೋರ್, 1977). ಬಾಂಬು ಬಿದ್ದಾಗ ಎರಡು ವರ್ಷದವಳು, ರಕ್ತದ ಕ್ಯಾನ್ಸರ್‌ನಿಂದ 25 ಅಕ್ಟೋಬರ್ 1955ರಂದು ತೀರಿಕೊಂಡಳು. ಯುದ್ಧದ ಪಾಠಕ್ಕೆ ಶ್ರೇಷ್ಠ ಪುಸ್ತಕ. ವಾರ್ಡಿನಲ್ಲಿರುವ ಮಗುವಿಗೆ ಉಡುಗೊರೆ ಕೊಡುವ ಪುಸ್ತಕ ಖಂಡಿತ ಅಲ್ಲ. ಕತೆಯಲ್ಲಿ ಸಡಾಕೊ ಮಡಿಸುವಂಥ ಕಾಗದದ ಕೊಕ್ಕರೆ ಮಡಿಸುವುದನ್ನು ಮಾತ್ರ ಕಲಿಸಿ.

ತಂದೆ-ತಾಯಿಗೆ: ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕಿರುಪುಸ್ತಕಗಳು ಆತಂಕ, ನಿದ್ರೆ, ದುಃಖದ ಬಗ್ಗೆ ಸರಳ ಕನ್ನಡದಲ್ಲಿವೆ. ಕಲಬುರಗಿಯ ಡಾ. ಪಿ.ಎಸ್. ಶಂಕರ್ ವೈದ್ಯಕೀಯವನ್ನು ಕನ್ನಡದಲ್ಲಿ ಬರೆದ ಹಿರಿಯರು. ಇಂಗ್ಲಿಷ್ ಓದಬಲ್ಲ ಅಣ್ಣನೋ ಅಕ್ಕನೋ ಇದ್ದರೆ ಸಿದ್ಧಾರ್ಥ ಮುಖರ್ಜಿ ಅವರ ‘ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್’ (2010, ಪುಲಿಟ್ಜರ್ 2011). ಫಾರ್ಬರ್, ಸುಬ್ಬರಾವ್ ಇಬ್ಬರೂ ಅದರಲ್ಲಿದ್ದಾರೆ. ರೋಗ ಗೊತ್ತಾದ ಮೊದಲ ವಾರಕ್ಕೆ ಅದು ಭಾರವಾದೀತು.

ಪುಸ್ತಕ ಸಿಗುವ ಕಡೆ: ಸಾರ್ವಜನಿಕ ಗ್ರಂಥಾಲಯ (ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965). ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರಗಳು. ‘ಓದುವ ಬೆಳಕು’ (2020) ಅಡಿ ಮಕ್ಕಳಿಗೆ ಉಚಿತ ಸದಸ್ಯತ್ವ. ಮನೆಯಲ್ಲಿ ಉಳಿದ ಅಣ್ಣ-ತಂಗಿಯರು ಸಂಜೆ ಕಳೆಯಲು ಇದು ಜಾಗ. ಎಲ್ಲರ ಗಮನ ಒಬ್ಬರ ಮೇಲಿರುವಾಗ ಅವರನ್ನು ಕೇಳುವವರು ಕಡಿಮೆ.

ಮಗುವಿಗೆ ಏನು ಹೇಳಬೇಕು? ಐದರೊಳಗಿನವರಿಗೆ ಭಯ ಸೂಜಿಯದು, ಅವ್ವ ಬಿಟ್ಟುಹೋಗುವಳೋ ಎಂಬುದು. ಆರರಿಂದ ಹತ್ತರವರು ತಾವು ಮಾಡಿದ ತಪ್ಪಿಗೆ ಶಿಕ್ಷೆ ಎಂದುಕೊಳ್ಳುತ್ತಾರೆ. ಹಾಗಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಹದಿವಯಸ್ಸಿನವರಿಗೆ ಕಾಯಿಲೆಯ ಹೆಸರು ಮುಚ್ಚಿಡಲಾಗದು, ಫೈಲನ್ನು ಅವರೇ ಓದುತ್ತಾರೆ.

ಮನಸ್ಸು, ನೋವು

ಟೆಲಿ-ಮಾನಸ್: 14416, 10 ಅಕ್ಟೋಬರ್ 2022, ಮುಖ್ಯ ಸಂಸ್ಥೆ ನಿಮ್ಹಾನ್ಸ್, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ನೋವು ಶಮನಕ್ಕೆ ಬಾಯಿಯ ಮಾರ್ಫಿನ್ ಸುಲಭವಾಗಿಸಿದ್ದು ಮಾದಕ ವಸ್ತು ಕಾಯ್ದೆಯ 2014ರ ತಿದ್ದುಪಡಿ. ಬೆಂಗಳೂರಿನ ಕರುಣಾಶ್ರಯ (1994) ಉಚಿತ ಹಾಸ್ಪೈಸ್. ಪ್ಯಾಲಿಯೇಟಿವ್ (ನೋವು ಶಮನದ) ಆರೈಕೆ ಕೊನೆಗಾಲಕ್ಕೆ ಮಾತ್ರ ಎಂಬ ಆಯ್ಕೆ ಕೊಟ್ಟರೆ ಅದು ತಪ್ಪು. ರೋಗ ಗೊತ್ತಾದ ದಿನದಿಂದಲೇ ಅದು ಚಿಕಿತ್ಸೆಯ ಜೊತೆಗಿರಬೇಕು.

ಗೆದ್ದ ಮೇಲೆ

ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ ಟಾಟಾ ಸ್ಮಾರಕ ಆಸ್ಪತ್ರೆ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು, ಡಾ. ಪೂರ್ಣಾ ಕುರ್ಕುರೆ ಅದರ ಹಿಂದಿದ್ದವರು. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರ ಗುಂಪು ‘ಉಗಮ್’ 2009ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ ಹುಟ್ಟಿತು. ಕೆಲವು ಕಿಮೋ ಔಷಧಿಗಳು ವರ್ಷಗಳ ನಂತರ ಹೃದಯಕ್ಕೆ, ಕರೆಂಟು (ವಿಕಿರಣ) ಬೆಳವಣಿಗೆಗೆ, ಥೈರಾಯ್ಡ್‌ಗೆ ತೊಂದರೆ ಮಾಡಬಲ್ಲವು, ಹಾಗಾಗಿ ವರ್ಷಕ್ಕೊಮ್ಮೆ ತಪಾಸಣೆ. ಯಾವ ಔಷಧಿ, ಒಟ್ಟು ಎಷ್ಟು ಪ್ರಮಾಣ, ಕರೆಂಟು ಯಾವ ಭಾಗಕ್ಕೆ ಎಂಬ ಒಂದು ಪುಟದ ಸಾರಾಂಶವನ್ನು ಆಸ್ಪತ್ರೆಯಿಂದ ಬರೆಸಿಕೊಂಡು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಡುವ ಫೈಲಿನಲ್ಲೇ ಇಡಬೇಕು. ಮದುವೆಯಾಗಿ ಬೇರೆ ಊರಿಗೆ ಹೋಗುವ ಹುಡುಗಿಯ ಕೈಗೆ ಅದರ ಪ್ರತಿ ಕೊಡುವುದನ್ನು ಮರೆಯಬಾರದು. ಬಸುರಿಯಾದಾಗ ಅಲ್ಲಿನ ವೈದ್ಯರಿಗೆ ಅದು ಬೇಕಾಗುತ್ತದೆ.